ಲೀಡರ್‌ಶಿಪ್ ಟ್ರೇನಿಂಗ್‌ಗೆ ಹೆಸರು ಬಂದಿದೆ, 18 ತಿಂಗಳ ಬಾಂಡ್ ಕೇಳುತ್ತಿದ್ದಾರೆ. ಹೋಗಲಾ, ಬೇಡವಾ?

ಬೈಲಹೊಂಗಲ ಬಸ್:
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಓದಿ ಹೇಳಿ.

ನಾನು ಮೆಕ್ಯಾನಿಕಲ್ ಇಂಜಿನಿಯರ್. ಬೆಳಗಾವಿ ಹತ್ತಿರ ಮಷೀನಿಂಗ್ ಮಾಡುವ ಒಂದು ಕಂಪನಿಯಲ್ಲಿ ಕ್ವಾಲಿಟಿ ವಿಭಾಗದಲ್ಲಿದ್ದೇನೆ. ಟ್ರೇನಿಯಾಗಿ ಸೇರಿ ಎರಡು ವರ್ಷದ ಮೇಲಾಯಿತು. ಈ ವರ್ಷ ಎಚ್‌ಆರ್‌ನವರು ಹೊಸದಾಗಿ ಸೇರಿದ ಹುಡುಗಿಯರಿಗೆ ಅಂತ ಆರು ತಿಂಗಳ ಲೀಡರ್‌ಶಿಪ್ ಕಾರ್ಯಕ್ರಮ ಶುರು ಮಾಡಿದ್ದಾರೆ. ಶನಿವಾರ ಮಧ್ಯಾಹ್ನ ಕ್ಲಾಸು, ನಡುವೆ ಒಂದು ವಾರ ಪುಣೆಯಲ್ಲಿ, ಒಬ್ಬ ಸೀನಿಯರ್ ಮೆಂಟರ್, ಕೊನೆಗೊಂದು ಪ್ರಾಜೆಕ್ಟ್. ನನ್ನ ಹೆಸರು ಬಂದಿದೆ. ಮುಗಿದ ಮೇಲೆ 18 ತಿಂಗಳು ಕೆಲಸ ಬಿಡುವ ಹಾಗಿಲ್ಲ, ಬಿಟ್ಟರೆ 1 ಲಕ್ಷ ಕಟ್ಟಬೇಕು.

ನಮ್ಮ ಸಾಹೇಬರು "ಶನಿವಾರ ಡಿಸ್ಪ್ಯಾಚ್ ಇರುತ್ತದೆ, ಇನ್‌ಸ್ಪೆಕ್ಷನ್ ಯಾರು ಮಾಡಬೇಕು?" ಅಂತಾರೆ. ಮನೆಯಲ್ಲಿ ವರ ನೋಡುತ್ತಿದ್ದಾರೆ, ಪುಣೆ ಅಂದ ಕೂಡಲೇ ಅಪ್ಪ ಮಾತು ಬದಲಿಸುತ್ತಾರೆ. ಅದನ್ನೆಲ್ಲ ಹೇಗೋ ನಿಭಾಯಿಸುತ್ತೇನೆ. ನನಗೆ ಕೊರೆಯುತ್ತಿರುವುದು ಬೇರೆ. ನನ್ನ ಜೊತೆಗೇ ಸೇರಿದ ಹುಡುಗ ಯಾವ ಟ್ರೇನಿಂಗೂ ಇಲ್ಲದೆ ಈಗ ಲೈನ್ ಇನ್‌ಚಾರ್ಜ್ ಆಗಿದ್ದಾನೆ. ಒಳ್ಳೆಯ ಹುಡುಗ, ಅವನ ಮೇಲೆ ಸಿಟ್ಟಿಲ್ಲ. ಆದರೆ ಅವನಿಗೆ ನೇರವಾಗಿ ಕೆಲಸ, ನನಗೆ ಮೊದಲು ಕ್ಲಾಸು, ಯಾಕೆ? ಇಂಥದಕ್ಕೆ ಹೋಗಿ ಬಂದವರು ಇದ್ದರೆ ದಯವಿಟ್ಟು ಹೇಳಿ.

ಕುಂದಾಪ್ರಿಯ:
ಕಂಪನಿ ದುಡ್ಡಲ್ಲಿ ಪುಣೆ. ಇದರಲ್ಲಿ ಕೇಳುವುದೇನಿದೆ?

ಉದ್ಯಮಬಾಗ್ ಹಳಬ:
ತಂಗೀ, ನಾನು ಫೌಂಡ್ರಿಯಲ್ಲಿ ಕೂದಲು ಬೆಳ್ಳಗೆ ಮಾಡಿಕೊಂಡವನು. ಒಂದು ಮಾತು ನೇರವಾಗಿ ಹೇಳುತ್ತೇನೆ. ಆ ಹುಡುಗ ಇನ್‌ಚಾರ್ಜ್ ಆಗಿದ್ದು ಹುಡುಗ ಅಂತ ಅಲ್ಲ, ರಾತ್ರಿಯ ಸಿ ಶಿಫ್ಟ್ ಮಾಡುತ್ತಾನೆ ಅಂತ. ರಾತ್ರಿ 2 ಗಂಟೆಗೆ ಮಷೀನ್ ನಿಂತಾಗ ಯಾರು ಎದುರು ಇರುತ್ತಾರೋ ಅವರ ಹೆಸರೇ ಸಾಹೇಬರಿಗೆ ನೆನಪಿಗೆ ಬರುವುದು. ಕ್ಲಾಸಿನಲ್ಲಿ ಅದು ಸಿಗುವುದಿಲ್ಲ.

ಶಿಫ್ಟ್ ಬಿ:
ಅಣ್ಣಾರೆ, ಸಿ ಶಿಫ್ಟ್‌ಗೆ ಹೆಂಗಸರು ಬರಲಿಲ್ಲ ಅನ್ನುವ ಹಾಗೆ ಬರೆದಿದ್ದೀರಿ. ಬಿಟ್ಟಿದ್ದರಲ್ವಾ ಬರುವುದು? 2025ರವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯ 66ನೇ ಕಲಮು ನೋಡಿ. ಹೆಂಗಸರಿಗೆ ಕೆಲಸ ಬೆಳಿಗ್ಗೆ 6ರಿಂದ ಸಂಜೆ 7ರ ಒಳಗೆ ಮಾತ್ರ ಅಂತಿತ್ತು. ಅಂದರೆ ಸಿ ಶಿಫ್ಟ್ ಅಷ್ಟೇ ಅಲ್ಲ, ರಾತ್ರಿ 11ಕ್ಕೆ ಬಿಡುವ ಬಿ ಶಿಫ್ಟೂ ಇರಲಿಲ್ಲ. ನಮ್ಮ ರಾಜ್ಯದಲ್ಲಿ ಕಾರ್ಖಾನೆಗಳ ರಾತ್ರಿ ಪಾಳಿಗೆ ಹೆಂಗಸರನ್ನು ಬಿಟ್ಟಿದ್ದು 2019ರಲ್ಲಿ. ಅದೂ ಅವರ ಒಪ್ಪಿಗೆ ಬೇಕು, ಹೋಗಿ ಬರಲು ಗಾಡಿ ಕೊಡಬೇಕು, ಇನ್ನೂ ಹಲವು ಷರತ್ತು. ಗಾಡಿಗೆ ದುಡ್ಡು ಯಾಕೆ ಅಂತ ಎಷ್ಟೋ ಕಂಪನಿಗಳು ಆ ಕಡೆ ತಿರುಗಿಯೂ ನೋಡಿಲ್ಲ. ಮೊದಲು ಬಾಗಿಲು ಹಾಕಿ, ಆಮೇಲೆ "ನೀವು ಒಳಗೆ ಬರಲೇ ಇಲ್ಲ" ಅಂದರೆ ಹೇಗೆ?

ಉದ್ಯಮಬಾಗ್ ಹಳಬ:
ಕಾಯ್ದೆ ಗೊತ್ತು ತಾಯಿ. ನಾನು ನ್ಯಾಯ ಅಂತ ಹೇಳಲಿಲ್ಲ, ನಡೆಯುವುದು ಹೀಗೆ ಅಂತ ಹೇಳಿದೆ.

ಶಿಫ್ಟ್ ಬಿ:
ಹಾಗಾದರೆ ಸರಿ. ಬೈಲಹೊಂಗಲ ತಂಗಿ, ನಿಮ್ಮ ಕಂಪನಿಯಲ್ಲಿ ಹೆಂಗಸರಿಗೆ ಬಿ ಶಿಫ್ಟ್ ಇದೆಯಾ? ಗಾಡಿ ಇದೆಯಾ? ಟ್ರೇನಿಂಗ್‌ಗಿಂತ ಮೊದಲು ಅದನ್ನು ಕೇಳಿ.

ಗೋಳಗುಮ್ಮಟ 84:
ಹುಡುಗರಿಗೆ ಯಾಕೆ ಇಂಥ ಕಾರ್ಯಕ್ರಮ ಇಲ್ಲ? ನಾನೂ ಡಿಪ್ಲೊಮಾ ಮುಗಿಸಿ ಸೇರಿದವನೇ. ನನ್ನನ್ನು ಯಾರೂ ಪುಣೆಗೆ ಕಳಿಸಲಿಲ್ಲ. ಸಮಾನತೆ ಅಂದರೆ ಎಲ್ಲರಿಗೂ ಅಲ್ವಾ?

ಇಳಕಲ್ ಸೆರಗು:
ನಿಮಗೆ ಕಾರ್ಯಕ್ರಮ ಬೇಕೇ ಇಲ್ಲ ಸರ್. ಸಂಜೆ ಗೇಟಿನ ಹೊರಗಿನ ಚಹಾ ಅಂಗಡಿಯೇ ನಿಮ್ಮ ಕಾರ್ಯಕ್ರಮ. ಪ್ಲಾಂಟ್ ಹೆಡ್ ಜೊತೆ ನಿಂತು ಚಹಾ ಕುಡಿಯುತ್ತಾ ಯಾವ ಹೊಸ ಲೈನ್ ಬರುತ್ತಿದೆ, ಯಾರು ಬಿಡುತ್ತಿದ್ದಾರೆ, ಎಲ್ಲ ತಿಳಿದುಕೊಳ್ಳುತ್ತೀರಿ. ನಾವು ಅಷ್ಟೊತ್ತಿಗೆ ಕಂಪನಿ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಿರುತ್ತೇವೆ. ಎಂಟು ಗಂಟೆಯ ಮೇಲೆ ಮನೆಗೆ ಬಂದರೆ ಓಣಿ ತುಂಬ ಸುದ್ದಿ.

ಗೋಳಗುಮ್ಮಟ 84:
ಚಹಾ ಕುಡಿದವರೆಲ್ಲ ಮ್ಯಾನೇಜರ್ ಆಗಿದ್ದರೆ ನಾನು ಇಷ್ಟೊತ್ತಿಗೆ ಎಂಡಿ ಆಗಿರಬೇಕಿತ್ತು 😄 ಆದರೂ ಈ ಮಾತು ಸ್ವಲ್ಪ ಹೌದು. ನನಗೆ ಈಗಿನ ಕೆಲಸ ಸಿಕ್ಕಿದ್ದು ಕ್ರಿಕೆಟ್ ಟೀಮಿನಿಂದಲೇ.

ಘಟಪ್ರಭಾ:
ಯಾಕೆ ಅಂತ ಕೇಳಿದವರಿಗೆ: ಅಮೆರಿಕದ ಒಂದು ದೊಡ್ಡ ವಾರ್ಷಿಕ ವರದಿ ಇದೆ, ಸಲಹಾ ಕಂಪನಿ ಮೆಕಿನ್ಸಿ ಮತ್ತು ಮಹಿಳೆಯರ ಪರ ಸಂಸ್ಥೆ ಲೀನ್‌ಇನ್ ಸೇರಿ ಮಾಡುವುದು. 2024ರ ಲೆಕ್ಕದಲ್ಲಿ 100 ಗಂಡಸರಿಗೆ ಮೊದಲ ಮ್ಯಾನೇಜರ್ ಬಡ್ತಿ ಸಿಕ್ಕರೆ ಹೆಂಗಸರಿಗೆ 81. 2018ರಲ್ಲಿ ಇದು 79 ಇತ್ತು. ಅಂದರೆ ಅಡ್ಡಿ ಇರುವುದು ಎಲ್ಲೋ ಮೇಲೆ ಸಿಇಒ ಕುರ್ಚಿ ಹತ್ತಿರ ಮಾತ್ರ ಅಲ್ಲ, ಮೊದಲ ಮೆಟ್ಟಿಲಲ್ಲೇ. ಅಲ್ಲಿ ಹಿಂದೆ ಬಿದ್ದರೆ ಮೇಲಕ್ಕೆ ಕಳಿಸಲು ಹೆಂಗಸರೇ ಉಳಿಯುವುದಿಲ್ಲ. ಅದಕ್ಕೇ ಕೆಲವು ಕಂಪನಿಗಳು ಈಗ ಚಿಕ್ಕ ವಯಸ್ಸಿನಲ್ಲೇ ಹುಡುಕುತ್ತಿವೆ. ನಮ್ಮ ಹುಡುಗಿಯರು ಅರ್ಜಿಯನ್ನೇ ಹಾಕುವುದಿಲ್ಲ ಅನ್ನುವುದೂ ಇದೆ. ಗಂಡಸರು ಶೇ. 60 ಅರ್ಹತೆ ಇದ್ದರೂ ಹಾಕುತ್ತಾರಂತೆ, ಹೆಂಗಸರು ಶೇ. 100 ಇದ್ದರೆ ಮಾತ್ರ.

ಹಳೇ ಎಚ್‌ಆರ್:
ಆ 60-100 ಕಥೆ ಬಿಟ್ಟುಬಿಡಿ. ಅದು ಒಂದು ಕಂಪನಿಯ ಒಳಗೆ ಹೇಳಿದ ಮಾತು. ಎಲ್ಲ ಟ್ರೇನರ್‌ಗಳ ಸ್ಲೈಡಿನಲ್ಲೂ ಸಂಶೋಧನೆ ಅಂತ ಓಡಾಡುತ್ತಿದೆ. 81ರ ಲೆಕ್ಕವೂ ಅಮೆರಿಕ, ಕೆನಡಾ ಕಂಪನಿಗಳದ್ದು, ನಮ್ಮ ಬೆಳಗಾವಿ ಉದ್ಯಮಬಾಗಿನ ಕಾರ್ಖಾನೆಗಳದ್ದಲ್ಲ.

ಈಗ ಪ್ರಶ್ನೆಗೆ ಬರುತ್ತೇನೆ. ನಾನು ಬಹಳ ವರ್ಷ ಎಚ್‌ಆರ್‌ನಲ್ಲಿದ್ದೆ, ಇಂಥ ಕಾರ್ಯಕ್ರಮ ನಡೆಸಿದ್ದೇನೆ. ಇವು ಯಾಕೆ ಹುಟ್ಟುತ್ತವೆ ಅಂತ ತಿಳಿದರೆ ಅರ್ಧ ಉತ್ತರ ಸಿಗುತ್ತದೆ. 2013ರ ಕಂಪನಿ ಕಾಯ್ದೆ ಷೇರು ಮಾರುಕಟ್ಟೆಯಲ್ಲಿ ಲಿಸ್ಟ್ ಆದ ಕಂಪನಿಗಳ ಬೋರ್ಡಿನಲ್ಲಿ ಒಬ್ಬ ಮಹಿಳೆಯಾದರೂ ಇರಬೇಕು ಅಂದಿತು. ಆಮೇಲೆ ಷೇರು ಮಾರುಕಟ್ಟೆಯ ನಿಯಂತ್ರಕ ಸೆಬಿ, ದೊಡ್ಡ 500 ಕಂಪನಿಗಳಿಗೆ 2019ರಿಂದ, 1000 ಕಂಪನಿಗಳಿಗೆ 2020ರಿಂದ, ಸ್ವತಂತ್ರ ಮಹಿಳಾ ನಿರ್ದೇಶಕಿ ಕಡ್ಡಾಯ ಮಾಡಿತು. ಬೋರ್ಡಿಗೆ ಹೊರಗಿನಿಂದ ಒಬ್ಬರನ್ನು ತರಬಹುದು. ಪ್ಲಾಂಟಿನ ಒಳಗೆ? ಕೆಲಸದ ಜಾಗದ ಲೈಂಗಿಕ ಕಿರುಕುಳ ತಡೆಯುವ ಪಾಶ್ ಕಾಯ್ದೆಯ ಪ್ರಕಾರ 10 ಜನರಿರುವ ಜಾಗದಲ್ಲೆಲ್ಲ ಆಂತರಿಕ ಸಮಿತಿ ಬೇಕು, ಅದರ ಅಧ್ಯಕ್ಷೆ ಹಿರಿಯ ಹುದ್ದೆಯ ಮಹಿಳೆಯೇ ಆಗಬೇಕು. ನಮ್ಮ ಕಡೆಯ ಪ್ಲಾಂಟುಗಳಲ್ಲಿ ಅಂಥ ಹುದ್ದೆಯಲ್ಲಿ ಒಬ್ಬರೂ ಸಿಗದೆ ಬೇರೆ ಯೂನಿಟ್‌ನಿಂದ ಕರೆಸಿದ್ದು ನಾನೇ ನೋಡಿದ್ದೇನೆ. ಇದರ ಮೇಲೆ ಹೊರದೇಶದ ಗ್ರಾಹಕರು ಆಡಿಟ್‌ಗೆ ಬಂದಾಗ "ನಿಮ್ಮಲ್ಲಿ ಮಹಿಳಾ ಸೂಪರ್‌ವೈಸರ್ ಎಷ್ಟು?" ಅಂತ ಕೇಳುತ್ತಾರೆ. ಆಗ ತೋರಿಸಲು ಒಂದು ಫೋಟೋ ಬೇಕು.

ಫೋಟೋಗೆ ಮಾಡಿದ ಕಾರ್ಯಕ್ರಮ ಯಾವುದು, ನಿಜವಾದದ್ದು ಯಾವುದು ಅಂತ ಗುರುತಿಸುವುದು ಕಷ್ಟವಲ್ಲ. ಪ್ಲಾಂಟ್ ಹೆಡ್‌ನ ವರ್ಷದ ಗುರಿಯಲ್ಲಿ "ಇಷ್ಟು ಜನರಿಗೆ ಇಂಥ ಹುದ್ದೆ" ಅಂತ ಬರೆದಿದ್ದರೆ ನಿಜ. ಎಚ್‌ಆರ್ ಗುರಿಯಲ್ಲಿ "ಇಷ್ಟು ಜನರಿಗೆ ತರಬೇತಿ" ಅಂತ ಇದ್ದರೆ ಫೋಟೋ. ನಾನು ನಡೆಸಿದವು ಜಾಸ್ತಿ ಎರಡನೆಯ ಜಾತಿಯವು.

ಇಳಕಲ್ ಸೆರಗು:
ಎರಡನೆಯ ಜಾತಿಯದಕ್ಕೆ ನಾನು ಹೋಗಿದ್ದೇನೆ. ಬೆಂಗಳೂರಿನ ಹೋಟೆಲ್, ಎಸಿ ಎಷ್ಟು ಜೋರು ಅಂದರೆ ಎಲ್ಲರೂ ಸೆರಗು, ದುಪಟ್ಟಾ ಹೊದ್ದುಕೊಂಡು ಕೂತಿದ್ದೆವು. ಮೊದಲ ದಿನ ಪೇಪರ್ ಕಪ್ ಜೋಡಿಸಿ ಗೋಪುರ ಕಟ್ಟಿಸಿದರು. ಎರಡನೇ ದಿನ ಸೊಂಟದ ಮೇಲೆ ಕೈ ಇಟ್ಟು ನಿಲ್ಲಿಸಿ "ಈಗ ಆತ್ಮವಿಶ್ವಾಸ ಬಂತಾ?" ಅಂದರು. ನನ್ನ ಪಕ್ಕ ಕೂತವಳು ಸಿಮೆಂಟ್ ಫ್ಯಾಕ್ಟರಿ ಲ್ಯಾಬಿನ ಕೆಮಿಸ್ಟ್. ಕಿಲ್ನ್ ಸ್ಯಾಂಪಲ್ ತರಲು ದಿನಾ ಆರು ಮಾಳಿಗೆ ಏರುವವಳು. ಅವಳಿಗೆ ಆತ್ಮವಿಶ್ವಾಸದ ಪಾಠ! ಬಜೆಟ್ ಹೇಗೆ ಮಾಡುವುದು, ಕೆಲಸ ಮಾಡದ ಆಪರೇಟರ್‌ಗೆ ಏನು ಹೇಳುವುದು, ಯೂನಿಯನ್ ಜೊತೆ ಹೇಗೆ ಕೂತು ಮಾತಾಡುವುದು, ಇದ್ಯಾವುದೂ ಇರಲಿಲ್ಲ.

ಆದರೆ ಒಂದು ಲಾಭ ಆಯಿತು. ಅಲ್ಲಿ ಸಿಕ್ಕ ನಾಲ್ಕೈದು ಜನ ಈಗಲೂ ಒಂದು ವಾಟ್ಸ್‌ಆ್ಯಪ್ ಗುಂಪಿನಲ್ಲಿದ್ದೇವೆ. ಸಂಬಳ ಎಷ್ಟು ಕೇಳಬೇಕು ಅಂತ ನನಗೆ ಹೇಳಿಕೊಟ್ಟಿದ್ದು ಅವರೇ.

ಕುಂದಾಪ್ರಿಯ:
ಚೆನ್ನಮ್ಮ ಹುಟ್ಟಿದ ಜಿಲ್ಲೆ ನಮ್ಮದು. 1824ರಲ್ಲೇ ಕಂಪನಿ ಸರ್ಕಾರವನ್ನು ನಡುಗಿಸಿದಳು. ನಮ್ಮ ಹೆಣ್ಣುಮಕ್ಕಳಿಗೆ ಪುಣೆಯವರು ಲೀಡರ್‌ಶಿಪ್ ಕಲಿಸಬೇಕಾ?

ಶಿಫ್ಟ್ ಬಿ:
ಪ್ರತಿ ಮಾರ್ಚ್ 8ಕ್ಕೆ ಇದೇ ಭಾಷಣ ಕೇಳುತ್ತೇವೆ ಅಣ್ಣಾ. ಚೆನ್ನಮ್ಮನ ಕೈಯಲ್ಲಿ ಕೋಟೆ ಇತ್ತು, ಖಜಾನೆ ಇತ್ತು, ಸೈನ್ಯ ಇತ್ತು. ನಮಗೆ ಒಂದು ಲೈನ್ ಕೊಡಿ ಅಂತ ಕೇಳುತ್ತಿದ್ದೇವೆ, ಅಷ್ಟೇ.

ಜಮಖಂಡಿ ಕಬ್ಬು:
ಇದು ಸರಿಯಾದ ಮಾತು. ನಮ್ಮವ್ವ ನಾಲ್ಕನೇ ತರಗತಿ. ಸ್ತ್ರೀಶಕ್ತಿ ಸಂಘದ ಪುಸ್ತಕ ಅವಳ ಕೈಗೆ ಬಂದಾಗ ಸಹಿ ಮಾಡಲೂ ಹೆದರುತ್ತಿದ್ದಳು. ದುಡ್ಡಿನ ಪೆಟ್ಟಿಗೆ, ಬೀಗದ ಕೈ, ಸಾಲದ ಪಟ್ಟಿ ಎಲ್ಲ ಅವಳ ಹತ್ತಿರ. ಒಂದು ಸಲ ಬ್ಯಾಂಕಿನವರು ನಾಳೆ ಬನ್ನಿ, ನಾಡಿದ್ದು ಬನ್ನಿ ಅಂತ ಸತಾಯಿಸಿದರು. ಅವ್ವ ಸಂಘದ ಎಲ್ಲರನ್ನೂ ಕರೆದುಕೊಂಡು ಹೋಗಿ ಬ್ಯಾಂಕಿನ ಮೆಟ್ಟಿಲ ಮೇಲೆ ಬುತ್ತಿ ಬಿಚ್ಚಿ ಊಟಕ್ಕೆ ಕೂತುಬಿಟ್ಟಳು. ರೊಟ್ಟಿ ಮುಗಿಯುವುದರೊಳಗೆ ಕೆಲಸ ಆಯಿತು. ಅವಳಿಗೆ ಯಾರೂ ಸ್ಲೈಡ್ ತೋರಿಸಿರಲಿಲ್ಲ.

ಘಟಪ್ರಭಾ:
ಪಂಚಾಯ್ತಿ ನೋಡಿ. ಕರ್ನಾಟಕದಲ್ಲಿ 1987ರ ಚುನಾವಣೆಯಲ್ಲೇ ಹೆಂಗಸರಿಗೆ ಶೇ. 25 ಮೀಸಲು ಇತ್ತು, ಈಗ ಶೇ. 50. ಮೊದಮೊದಲು ಅಧ್ಯಕ್ಷೆಯ ಗಂಡನೇ ಅಧ್ಯಕ್ಷ. ಈಗಲೂ ಎಷ್ಟೋ ಕಡೆ ಹಾಗೇ. ಆದರೆ ಕುರ್ಚಿಯ ಜೊತೆ ಚೆಕ್ಕಿನ ಸಹಿ ಇದ್ದ ಕಾರಣ ಕೆಲವರು ಎರಡನೇ ಸಲಕ್ಕೆ ಗಂಡನನ್ನು ಮನೆಯಲ್ಲೇ ಬಿಟ್ಟು ಬಂದರು.

ಗೋಳಗುಮ್ಮಟ 84:
ಚೆಕ್ಕಿಗೂ ಲೈನ್ ಇನ್‌ಚಾರ್ಜ್‌ಗೂ ಏನು ಸಂಬಂಧ?

ಘಟಪ್ರಭಾ:
ಅಧಿಕಾರ ಮೊದಲು, ಕಲಿಕೆ ಆಮೇಲೆ. ಅಷ್ಟೇ ಸಂಬಂಧ.

ಉದ್ಯಮಬಾಗ್ ಹಳಬ:
ಪೂರ್ತಿ ಒಪ್ಪುವುದಿಲ್ಲ. ಏನೂ ಕಲಿಸದೆ ಲೈನಿಗೆ ತಳ್ಳಿದರೆ ಹುಡುಗರೂ ಮುಗ್ಗರಿಸುತ್ತಾರೆ. ಆದರೆ ಹುಡುಗ ಮುಗ್ಗರಿಸಿದರೆ "ಹೊಸಬ, ಕಲಿಯುತ್ತಾನೆ" ಅಂತಾರೆ. ಹುಡುಗಿ ಮುಗ್ಗರಿಸಿದರೆ "ಹೆಣ್ಣುಮಕ್ಕಳಿಗೆ ಕೊಟ್ಟು ತಪ್ಪಾಯಿತು" ಅಂತಾರೆ. ಹಾಗಾಗಿ ತಯಾರಾಗಿ ಹೋಗುವುದೇ ವಾಸಿ. ಇನ್ನೊಂದು, ನಮ್ಮಲ್ಲಿ ಆಪರೇಟರ್‌ಗಳು ಅರ್ಧ ಮರಾಠಿ ಮಾತಾಡುತ್ತಾರೆ. ಮರಾಠಿ, ಹಿಂದಿ ಎರಡೂ ಬಾಯಲ್ಲಿ ಇರಲಿ. ಇದನ್ನು ಯಾವ ಟ್ರೇನರೂ ಹೇಳುವುದಿಲ್ಲ.

ಬಸವನ ಬಾಗೇವಾಡಿ ಬ್ಯಾಂಕ್:
ನಮ್ಮ ಬ್ಯಾಂಕಿನ ಕಥೆ ಬೇರೆ. ಇಲ್ಲಿ ಬಡ್ತಿಗೆ ಪರೀಕ್ಷೆ, ಸಂದರ್ಶನ, ಎಲ್ಲ ಕಾಗದದ ಮೇಲೆ ಸ್ಪಷ್ಟ. ಆದರೆ ಬಡ್ತಿ ಜೊತೆ ವರ್ಗಾವಣೆ. ಸ್ಕೇಲ್ ಒಂದರಿಂದ ಎರಡಕ್ಕೆ ಹೋದರೆ ವಿಜಯಪುರದಿಂದ ಯಾವ ರಾಜ್ಯಕ್ಕೋ ಗೊತ್ತಿಲ್ಲ. ನನ್ನ ಜೊತೆಯ ಎಷ್ಟೋ ಹೆಣ್ಣುಮಕ್ಕಳು ಪರೀಕ್ಷೆಗೇ ಕೂರುವುದಿಲ್ಲ. ಬುದ್ಧಿ ಇಲ್ಲ ಅಂತಲ್ಲ, ಮಗು ಎರಡನೇ ಕ್ಲಾಸಿನಲ್ಲಿದೆ ಅಂತ. ಲೀಡರ್‌ಶಿಪ್ ಕ್ಲಾಸಿಗೆ ಕಳಿಸುವ ಬದಲು ಅದೇ ಜಿಲ್ಲೆಯಲ್ಲಿ ಒಂದು ಬ್ರಾಂಚ್ ಕೊಡಿ ಸಾಕು.

ಬಾಂಡ್ ಬಗ್ಗೆ ಒಂದು ಮಾತು. "ಬಾಂಡ್ ಎಲ್ಲ ಕೋರ್ಟಿನಲ್ಲಿ ನಿಲ್ಲುವುದಿಲ್ಲ" ಅಂತ ಯಾರಾದರೂ ಹೇಳಿದರೆ ನಂಬಬೇಡಿ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ವಿಜಯಾ ಬ್ಯಾಂಕ್ ಪ್ರಕರಣದಲ್ಲಿ, ಮೂರು ವರ್ಷದೊಳಗೆ ಬಿಟ್ಟರೆ 2 ಲಕ್ಷ ಅನ್ನುವ ಷರತ್ತನ್ನು ಸರಿ ಅಂತ ಎತ್ತಿ ಹಿಡಿದಿದೆ. ಅದು ಸರ್ಕಾರಿ ಬ್ಯಾಂಕು, ನಿಮ್ಮದು ಖಾಸಗಿ, ವ್ಯತ್ಯಾಸ ಇದೆ. ಆದರೂ ಓದಿ ಸಹಿ ಮಾಡಿ. ಒರಿಜಿನಲ್ ಮಾರ್ಕ್ಸ್ ಕಾರ್ಡ್ ಮಾತ್ರ ಕೊಡಬೇಡಿ, ಯಾರು ಕೇಳಿದರೂ.

ಹಳೇ ಎಚ್‌ಆರ್:
ಇದಕ್ಕೆ ಸೇರಿಸುತ್ತೇನೆ: 1 ಲಕ್ಷ ಇಡೀ 18 ತಿಂಗಳಿಗೂ ಒಂದೇ ಸಮನೆಯಾ, ತಿಂಗಳು ಕಳೆದಂತೆ ಇಳಿಯುತ್ತದೆಯಾ ಅಂತ ಕೇಳಿ. ಒಳ್ಳೆಯ ಕಂಪನಿಗಳು ಇಳಿಸುತ್ತವೆ. ಹೆರಿಗೆ ರಜೆಯ ತಿಂಗಳುಗಳು 18ರಲ್ಲಿ ಸೇರುತ್ತವೆಯಾ ಅಂತಲೂ ಕೇಳಿ. ಈಗಲೇ ಯಾಕೆ ಅನ್ನಬೇಡಿ, ಮನೆಯಲ್ಲಿ ವರ ನೋಡುತ್ತಿದ್ದಾರೆ ಅಂತ ನೀವೇ ಬರೆದಿದ್ದೀರಿ. ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳದ ರಜೆ 2017ರಿಂದ ಇದೆ. 50 ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಕಡೆ ಶಿಶುಪಾಲನಾ ಕೊಠಡಿಯೂ ಬೇಕು. ಆ ರಜೆಯ ಖರ್ಚು ಬಹಳ ಕಡೆ ಮಾಲೀಕರ ತಲೆ ಮೇಲೆ ಬರುವುದರಿಂದ, ಮದುವೆ ಆಗಲಿರುವ ಹುಡುಗಿಗೆ ಟೀಮ್ ಕೊಡಲು ಹಿಂದೆ ಮುಂದೆ ನೋಡುವವರಿದ್ದಾರೆ. ಬಾಯಿಬಿಟ್ಟು ಯಾರೂ ಹೇಳುವುದಿಲ್ಲ.

ಮಲಪ್ರಭಾ ಅಪ್ಪ:
ನನಗೂ ಇಬ್ಬರು ಹೆಣ್ಣುಮಕ್ಕಳು. ತಂಗೀ, ಅಪ್ಪನಿಗೆ ಪುಣೆ ಅಂದರೆ ಭಯ ಇರುವುದು ಪುಣೆಯದ್ದಲ್ಲ, ಕೇಳುವವರದ್ದು. "ಮಗಳು ಎಲ್ಲಿ?" ಅಂದರೆ ಹೇಳಲು ಒಂದು ಮಾತು ಬೇಕು. ಕಂಪನಿಯ ಪತ್ರ, ಉಳಿಯುವ ಜಾಗದ ವಿಳಾಸ, ಜೊತೆಗೆ ಬರುವವರ ನಂಬರು ಕೊಡಿ. ಕಂಪನಿ ಖುದ್ದಾಗಿ ಆರಿಸಿ ಕಳಿಸುತ್ತಿದೆ ಅಂತ ಗೊತ್ತಾದರೆ ಅವರೇ ಊರೆಲ್ಲ ಹೇಳಿಕೊಂಡು ಬರುತ್ತಾರೆ. ನಾನು ಹಾಗೇ ಮಾಡಿದ್ದು.

ಕುಂದಾಪ್ರಿಯ:
ಪುಣೆಗೆ ಬಸ್ಸೂ ಫ್ರೀ ಅಲ್ವಾ ಹೆಂಗಸರಿಗೆ?

ಜಮಖಂಡಿ ಕಬ್ಬು:
ಶಕ್ತಿ ರಾಜ್ಯದೊಳಗೆ ಮಾತ್ರ. ಅದೂ ಸಾಮಾನ್ಯ ಬಸ್ಸು. ನಮ್ಮ ವಾಯವ್ಯ ಸಾರಿಗೆ ಬೆಳಗಾವಿ, ಬಾಗಲಕೋಟೆ, ವಿಜಯಪುರ ಎಲ್ಲ ಕಡೆ ಓಡುತ್ತದೆ, ಆದರೆ ಗಡಿ ದಾಟಿದರೆ ಟಿಕೆಟ್.

ಬಸವನ ಬಾಗೇವಾಡಿ ಬ್ಯಾಂಕ್:
ವಿಜಯಪುರ ವಾಯವ್ಯ ಅಲ್ಲ ರೀ, ಕಲ್ಯಾಣ ಕರ್ನಾಟಕ ಸಾರಿಗೆ.

ಜಮಖಂಡಿ ಕಬ್ಬು:
ವಿಭಾಗ ನಿಮ್ಮದು ಅಲ್ಲಿಗೆ ಸೇರಿರಬಹುದು, ನಮ್ಮ ಡಿಪೋ ಬಸ್ಸು ದಿನಾ ನಿಮ್ಮ ಸ್ಟ್ಯಾಂಡಿಗೆ ಬರುತ್ತದಲ್ಲ!

ಇಳಕಲ್ ಸೆರಗು:
ಬಸ್ ಸಾಕು. ಒಂದು ಮುಖ್ಯ ವಿಷಯ ಯಾರೂ ಎತ್ತಲಿಲ್ಲ. ರಂಗೋಲಿ.

ಆಯುಧ ಪೂಜೆ ಬಂತು ಅಂದರೆ ಮಷೀನಿನ ಮುಂದೆ ರಂಗೋಲಿ ಹುಡುಗಿಯರೇ ಹಾಕಬೇಕು. ಗ್ರಾಹಕರು ಬಂದರೆ ಹೂಗುಚ್ಛ ಹುಡುಗಿಯರೇ ಕೊಡಬೇಕು. ಮೀಟಿಂಗಿನ ಮಿನಿಟ್ಸ್ ಹುಡುಗಿಯರೇ ಬರೆಯಬೇಕು, "ನಿಮ್ಮ ಅಕ್ಷರ ಚೆನ್ನಾಗಿದೆ" ಅಂತ. ಇದ್ಯಾವುದೂ ಅಪ್ರೈಸಲ್ ಹಾಳೆಯಲ್ಲಿ ಬರುವುದಿಲ್ಲ. ಈ ಬಗ್ಗೆ ಅಮೆರಿಕದ ಅರ್ಥಶಾಸ್ತ್ರಜ್ಞರು 2017ರಲ್ಲಿ ಪ್ರಯೋಗ ಮಾಡಿ ಬರೆದಿದ್ದಾರೆ. ಗಂಡು ಹೆಣ್ಣು ಸೇರಿದ ಗುಂಪಿನಲ್ಲಿ ಲಾಭವಿಲ್ಲದ ಕೆಲಸಕ್ಕೆ ಹೆಂಗಸರೇ ಜಾಸ್ತಿ ಮುಂದೆ ಬರುತ್ತಾರೆ. ಗಂಡಸರಷ್ಟೇ ಇರುವ ಗುಂಪಿನಲ್ಲಿ ಅದೇ ಕೆಲಸವನ್ನು ಗಂಡಸರು ಎದ್ದು ಮಾಡುತ್ತಾರೆ! ಅಂದರೆ ಮಾಡಲು ಬರುತ್ತದೆ, ನಾವಿದ್ದರೆ ಸುಮ್ನೆ ಕಾಯುತ್ತಾರೆ.

ಈಗ ಈ ಕಾರ್ಯಕ್ರಮದ ಪ್ರಾಜೆಕ್ಟ್ ಏನು ಅಂತ ಕೇಳಿ. "ಕ್ಯಾಂಟೀನ್ ಸುಧಾರಣೆ", "ಮಹಿಳಾ ದಿನಾಚರಣೆ" ಅಂದರೆ ಅದೂ ರಂಗೋಲಿಯೇ.

ಗೋಳಗುಮ್ಮಟ 84:
ನಮ್ಮಲ್ಲಿ ರಂಗೋಲಿ ನಾನೇ ಹಾಕುವುದು. ನಿಜ. ಹುಡುಗಿಯರು ಇಲ್ಲ.

ಶಿಫ್ಟ್ ಬಿ:
ಪ್ರಯೋಗ ಸಾಬೀತಾಯಿತು 😂

ಬೈಲಹೊಂಗಲ ಬಸ್:
ಎಲ್ಲರಿಗೂ ಥ್ಯಾಂಕ್ಸ್. ಇವತ್ತು ನಡೆದದ್ದು ಹೇಳುತ್ತೇನೆ.

ಬೆಳಿಗ್ಗೆ ಪ್ರೊಡಕ್ಷನ್ ಮೀಟಿಂಗ್. ಬೋರ್ಡಿನ ಸುತ್ತ ಎಲ್ಲರೂ ನಿಂತೇ ಇರುತ್ತೇವೆ. ಒಂದು ಪಾರ್ಟಿನ ಬೋರ್ (ಒಳಗಿನ ತೂತು) ಸೈಜು ನಿಧಾನವಾಗಿ ಮೇಲೆ ಹೋಗುತ್ತಿತ್ತು. ಇನ್ನೂ ಲಿಮಿಟ್ ಒಳಗೇ ಇತ್ತು, ಆದರೆ ಸಿಎಮ್‌ಎಮ್ (ಅಳತೆ ಮಾಡುವ ಮಷೀನ್) ರಿಪೋರ್ಟ್ ಸಾಲಾಗಿ ಇಟ್ಟು ನೋಡಿದರೆ ಪ್ರತಿ ಪೀಸಿಗೂ ಒಂದೆರಡು ಮೈಕ್ರಾನ್ ಜಾಸ್ತಿ. ಮಧ್ಯಾಹ್ನದೊಳಗೆ ರಿಜೆಕ್ಷನ್ ಬರುತ್ತದೆ, ಮಷೀನಿನಲ್ಲಿ ಟೂಲಿನ ಆಫ್‌ಸೆಟ್ (ಅಳತೆ ಹೊಂದಾಣಿಕೆ) ನೋಡಿ ಅಂದೆ. "ಮೇಡಂ, ರಿಪೋರ್ಟ್ ಕೊಡಿ ಸಾಕು" ಅಂದರು ಒಬ್ಬರು. ಐದು ನಿಮಿಷ ಆದ ಮೇಲೆ ಅದೇ ಮಾತನ್ನು ಆ ಲೈನ್ ಇನ್‌ಚಾರ್ಜ್ ಹುಡುಗ ಹೇಳಿದ. ಮಷೀನ್ ನಿಲ್ಲಿಸಿದರು. ಪಾಪ, ಅವನೇ "ಇದು ಮೇಡಂ ಹೇಳಿದ್ದು" ಅಂದ. ಯಾರೂ ಕೇಳಿಸಿಕೊಳ್ಳಲಿಲ್ಲ.

ಮಾತು ಬರದೇ ಇರುವುದು ನನ್ನ ತೊಂದರೆ ಅಲ್ಲ ಅಂತ ಅನಿಸಿತು. ಸಂಜೆ ಎಚ್‌ಆರ್‌ಗೆ ಮೇಲ್ ಮಾಡಿದೆ. ಕಾರ್ಯಕ್ರಮದ ಅವಧಿಯಲ್ಲೇ ಒಂದು ಸೆಲ್ (ಮಷೀನುಗಳ ಗುಂಪು) ಮತ್ತು ಅದರ ಜನರ ಜವಾಬ್ದಾರಿ ನನಗೆ ಕೊಡುತ್ತೀರಾ, ಪ್ರಾಜೆಕ್ಟ್ ರಿಜೆಕ್ಷನ್ ಇಳಿಸುವ ಬಗ್ಗೆ ಇರಬಹುದಾ, ಬಾಂಡ್ ಮೊತ್ತ ತಿಂಗಳು ತಿಂಗಳು ಇಳಿಯುತ್ತದಾ, ಶನಿವಾರದ ಇನ್‌ಸ್ಪೆಕ್ಷನ್ ಯಾರಿಗೆ ಅಂತ ಮೊದಲೇ ಬರೆದು ಕೊಡುತ್ತೀರಾ. ಇಷ್ಟು ಕೇಳಿದ್ದೇನೆ.

ಹಳೇ ಎಚ್‌ಆರ್:
ಒಳ್ಳೆಯ ಮೇಲ್. ನಾನಿದ್ದಿದ್ದರೆ ಓದಿ ಬೆವರುತ್ತಿದ್ದೆ. ಮೆಂಟರ್ ಬಗ್ಗೆ ಒಂದು ಸೇರಿಸಿ: ನಿಮ್ಮ ವಿಭಾಗದವರು ಬೇಡ, ಪ್ರೊಡಕ್ಷನ್‌ನವರು ಬೇಕು. ಸಲಹೆ ಕೊಡುವವರು ಬೇಕಾದಷ್ಟು ಸಿಗುತ್ತಾರೆ. ಬಡ್ತಿ ಪಟ್ಟಿ ಮಾಡುವ ಕೋಣೆಯಲ್ಲಿ ನಿಮ್ಮ ಹೆಸರು ಹೇಳುವವರು ಬೇಕು.

ಉದ್ಯಮಬಾಗ್ ಹಳಬ:
ಆಫ್‌ಸೆಟ್ ಮಾತು ಸರಿ ಇತ್ತು ತಂಗೀ. ಆದರೆ ಟೂಲಿನ ತುದಿಯ ಇನ್ಸರ್ಟ್ ಬದಲಿಸಿದ ಮೇಲೆ ಮೊದಲ ಪೀಸ್ ಅಳೆದರಾ? ಅದನ್ನೂ ನೋಡಿ. ಮತ್ತೆ, ಮೇಲ್ ಕಳಿಸುವಾಗ ನಿಮ್ಮ ಸಾಹೇಬರಿಗೆ ಸಿಸಿ ಹಾಕಿದ್ದೀರಿ ತಾನೇ? ಅವರಿಗೆ ಬೇರೆಯವರಿಂದ ಗೊತ್ತಾದರೆ ಕೆಲಸ ಕೆಡುತ್ತದೆ.

ಬೈಲಹೊಂಗಲ ಬಸ್:
ಹಾಕಿದ್ದೇನೆ ಅಣ್ಣಾ. ಉತ್ತರ ಮೊದಲು ಅವರಿಂದಲೇ ಬಂತು: "ಸೋಮವಾರ ಮಾತಾಡೋಣ."

ಇಳಕಲ್ ಸೆರಗು:
ಸೋಮವಾರ ಬರಿಗೈಲಿ ಹೋಗಬೇಡಿ. ಆ ಸಿಎಮ್‌ಎಮ್ ರಿಪೋರ್ಟಿನ ಪ್ರಿಂಟ್ ತೆಗೆದುಕೊಂಡು ಹೋಗಿ.